ಬೀಗರಿಂದ ಮುಚ್ಚಿಟ್ಟ ಕಾವಲುಪಟ್ಟಿ

ತೋಳಿನ ಮೇಲಿನ ಪಟ್ಟಿ ಹಸಿರಿನಿಂದ ಹಳದಿಗೆ ತಿರುಗಿದಾಗ ಬಸಲಿಂಗವ್ವ ಬಸುರಿ ಮಗಳ ಕುಬಸದ ಶಾಸ್ತ್ರಕ್ಕೆಂದು ಸಿಹಿ ಮಾದಲಿ ಮಾಡುತ್ತಿದ್ದಳು. ಪಟ್ಟಿಯ ಸೂಚನೆ ಆಸ್ಪತ್ರೆಗೂ ಮುಟ್ಟಿ, ಕೂಡಲೇ ಫೋನು ಬಂತು. ಪಟ್ಟಿಯನ್ನು ಕಂಡುಹಿಡಿದ ಡಾಕ್ಟರ್ ಜುಬೇದಾ ಗದಗಿನ ಆಸ್ಪತ್ರೆಯಿಂದ ತಾವೇ ಮಾತಾಡಿದರು.

"ಮೈಯಾಗ ಹುಷಾರಿಲ್ಲೇನ್ರಿ?"

"ಬರೇ ನೆಗಡಿರೀ, ನಿನ್ನೆಯಿಂದ."

ಏಳು ವರ್ಷದ ಹಿಂದೆ ಬಸಲಿಂಗವ್ವನ ಸ್ತನ ಕ್ಯಾನ್ಸರ್ ಗುಣವಾಗಿತ್ತು. ಆದರೆ ಕ್ಯಾನ್ಸರಿನ ಕೆಲವು ಜೀವಕೋಶಗಳು ಶ್ವಾಸಕೋಶದಲ್ಲಿ ಸದ್ದಿಲ್ಲದೆ ಮಲಗಿರಬಹುದು. ವೈರಸ್ಸಿನೊಡನೆ ಹೋರಾಡುವಾಗ ದೇಹದಲ್ಲಿ ಏಳುವ ಉರಿಯೂತ ಅವನ್ನೂ ಎಬ್ಬಿಸಬಲ್ಲದು. ಪಟ್ಟಿ ಅದರ ಸುಳಿವನ್ನು ರಕ್ತದಲ್ಲೇ ಹಿಡಿಯುತ್ತಿತ್ತು. ಎರಡು ದಿನದೊಳಗೆ ಇಂಜೆಕ್ಷನ್ ಕೊಟ್ಟರೆ ಅವು ಮತ್ತೆ ಮಲಗುತ್ತಿದ್ದವು.

"ಇವತ್ತ ಬರ್ರಿ."

"ನಾಳೆ ಕುಬಸ ಐತ್ರಿ, ತವರಿನವ್ರು ಹೋಗದಿದ್ರ ಹೆಂಗ? ಆಸ್ಪತ್ರಿಗೆ ಬಂದ್ರ ಯಾಕಂತ ಬೀಗರು ಕೇಳ್ತಾರ. ಮಗಳ ಲಗ್ನದಾಗ ಇದನ್ನ ಹೇಳಿಲ್ರಿ. ಪಟ್ಟಿ ಸಕ್ಕರಿ ಕಾಯಿಲೇದು ಅಂದೀನಿ."

ಜುಬೇದಾಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಕನಿಕರ. ಮರುದಿನ ಅವರೇ ಇಂಜೆಕ್ಷನ್ ಹಿಡಿದು ಕುಬಸ ನಡೆದಿದ್ದ ಬೀಗರ ಮನೆಗೆ ಹೋದರು.

ಮಾಸ್ಕ್ ಹಾಕಿಕೊಂಡ ಬಸಲಿಂಗವ್ವನನ್ನು ಹಿಂದಿನ ಕೋಣೆಗೆ ಕರೆದು, ಕುಪ್ಪಸದ ತೋಳು ಸರಿಸಿ ಸೂಜಿ ಚುಚ್ಚಿ ತೆಗೆಯುವಷ್ಟರಲ್ಲಿ ಬೀಗತಿ ಚನ್ನಮ್ಮ ಕೆಮ್ಮುತ್ತಾ ಒಳಗೆ ಬಂದಳು. ಪಟ್ಟಿ ಕಂಡವಳೇ ನಿಂತುಬಿಟ್ಟಳು.

"ಸಕ್ಕರಿ ಪಟ್ಟಿರೀ," ಎಂದಳು ಬಸಲಿಂಗವ್ವ.

"ಸುಳ್ಳ ಹೇಳಬ್ಯಾಡ್ರಿ ಬೀಗತ್ಯಾರ. ನಾನೂ ಎಲ್ಲಾರಿಗೂ ಹಂಗ ಹೇಳಿದ್ದೆ."

ಚನ್ನಮ್ಮನಿಗೂ ಅದೇ ಕಾಯಿಲೆಯಾಗಿ ವಾಸಿಯಾಗಿತ್ತು. ಬೀಗರ ಕಣ್ಣಿಗೆ ಬಿದ್ದೀತೆಂದು ಅವಳು ಎಂಟು ದಿನದ ಹಿಂದೆಯೇ ಪಟ್ಟಿಯನ್ನು ಕಿತ್ತು ಕಪಾಟಿನಲ್ಲಿ ಇಟ್ಟಿದ್ದಳು. ಕೆಮ್ಮು ಹತ್ತಿದ್ದು ಅದರ ಮರುದಿನ.

"ನನಗರ ಹೇಳಬಾರದಿತ್ತೇನ್ರಿ?" ಬಸಲಿಂಗವ್ವ ತೋಳು ಇಳಿಸಿಕೊಳ್ಳುತ್ತ ಕೇಳಿದಳು.

"ನೀವು ನನಗ ಹೇಳಿದ್ರೇನು?"

ಜುಬೇದಾ ಚೀಲ ತೆರೆಯಲಿಲ್ಲ. ಚನ್ನಮ್ಮನಿಗೆ ಇಂಜೆಕ್ಷನ್ ಕೊಡಬೇಕಿದ್ದ ಎರಡು ದಿನ ಎಂದೋ ದಾಟಿಹೋಗಿತ್ತು. ಮೊದಲು ಶ್ವಾಸಕೋಶದ ಸ್ಕ್ಯಾನಿಂಗ್ ಆಗಬೇಕು, ಆಮೇಲೆ ಏನಿದೆ ನೋಡೋಣ ಎಂದರು. ಜೀವಕೋಶ ಏಳುವುದನ್ನು ಕಂಡುಹಿಡಿಯಲು ಅವರಿಗೆ ಹದಿನೆಂಟು ವರ್ಷ ಹಿಡಿದಿತ್ತು. ಹೆಂಗಸರು ಈ ಕಾಯಿಲೆಯನ್ನು ಯಾರಿಗೆ ಹೇಳಲು ಹೆದರುತ್ತಾರೆಂದು ಒಂದು ದಿನವೂ ಕೇಳಿರಲಿಲ್ಲ. ಅದು ಅವರನ್ನು ಬಹಳ ಚುಚ್ಚಿತು.

ಆರತಿ ಮುಗಿದ ಮೇಲೆ ಇಬ್ಬರು ಬೀಗತಿಯರೂ ಡಾಕ್ಟರ ಕಾರು ಹತ್ತಿದರು. ಎಲ್ಲಿಗೆ ಎಂದು ಬಾಗಿಲಲ್ಲಿ ಮಗಳು ಕೇಳಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕ್ಯಾನ್ಸರ್ ಆಸ್ಪತ್ರಿಗೆ," ಎಂದಳು ಚನ್ನಮ್ಮ.

ಇದು 2061ರ ಮಾತು. ಅವರ ಅಜ್ಜಿಯರ ಕಾಲದಲ್ಲಿ, ಅಂದರೆ ಈಗ, ಅಂಥ ಪಟ್ಟಿ ಇಲ್ಲ. ಆದರೆ ಚನ್ನಮ್ಮ ಬಾಗಿಲಲ್ಲಿ ಆಡಿದ ಆ ಒಂದು ಮಾತನ್ನಾದರೂ ಈಗಲೇ ಹೇಳಬಹುದು.