ಆರು ತಿಂಗಳು ಸೋರಿದ ಪೈಪು

ಕಾರಿನ ಮೂತಿ ಲಾರಿಯ ಹಿಂಬದಿಗೆ ಹೊಕ್ಕು ನಿಂತಿತ್ತು. ವೈಪರ್ ಮಾತ್ರ ಇನ್ನೂ ಆಡುತ್ತಿತ್ತು. ಬಿರುಕುಬಿಟ್ಟು ಜೇಡರ ಬಲೆಯಂತಾದ ಗಾಜಿನ ಮೇಲೆ ಎಡಕ್ಕೆ, ಬಲಕ್ಕೆ, ಕಿರ್ರೆಂದು ಎಳೆದಾಡುತ್ತಿತ್ತು.

ಮೊದಲು ಕಂಡವನು ಹಾಲಿನ ವ್ಯಾನಿನ ಚಾಲಕ. ಬೆಳಗ್ಗೆ ಆರು ಐವತ್ತಕ್ಕೆ ಠಾಣೆಗೆ ಫೋನ್ ಮಾಡಿದ. ಸಬ್ ಇನ್ಸ್‌ಪೆಕ್ಟರ್ ಬರುವ ಹೊತ್ತಿಗೆ ಕಾರು ಓಡಿಸುತ್ತಿದ್ದ ಹೆಂಗಸನ್ನು ಆಂಬುಲೆನ್ಸಿಗೆ ಹತ್ತಿಸಿದ್ದರು. ಜೀವ ಇತ್ತು. ಬಲಗಾಲು ಮುರಿದಿತ್ತು.

ಅದನ್ನು ಅಪರಾಧ ಎಂದು ಅಲ್ಲಿ ಯಾರೂ ಅಂದುಕೊಳ್ಳಲಿಲ್ಲ. ಅಪಘಾತ, ಅಷ್ಟೇ.

ಸಬ್ ಇನ್ಸ್‌ಪೆಕ್ಟರ್ ಆ ಹುದ್ದೆಗೆ ಬಂದು ನಾಲ್ಕು ತಿಂಗಳಾಗಿತ್ತು. ಬೀಗ ಹಾಕಿದ ಮೇಲೂ ನಾಲ್ಕು ಹೆಜ್ಜೆ ಹಿಂದೆ ಬಂದು ಎಳೆದು ನೋಡುವ ಹೆಂಗಸು ಅವಳು. ಠಾಣೆಯಲ್ಲಿ ಅದನ್ನು ಹೇಳಿ ನಗುತ್ತಿದ್ದರು. ಅವಳಿಗೂ ಗೊತ್ತಿತ್ತು.

"ಆ್ಯಕ್ಸಲ್ ಮುರೀತು ಮೇಡಂ," ಎಂದ ಲಾರಿ ಚಾಲಕ. "ಹಿಂದೆ ಕಲ್ಲಿಟ್ಟಿದ್ದೆ. ಕೆಂಪು ಬಟ್ಟೆ ಕಟ್ಟಿದ್ದೆ. ಅರ್ಧ ಮೈಲಿಯಿಂದ ಕಾಣುತ್ತೆ. ಆಯಮ್ಮ ಬ್ರೇಕೇ ಹಾಕ್ಲಿಲ್ಲ."

ರಸ್ತೆಯ ಮೇಲೆ ಬ್ರೇಕಿನ ಗುರುತು ನಿಜಕ್ಕೂ ಇರಲಿಲ್ಲ. ರಸ್ತೆ ನೇರ ಪೂರ್ವಕ್ಕೆ. ಎದುರಿಗೆ ಎಳೆ ಸೂರ್ಯ.

ಅವಳು ಗಾಜಿನ ಹತ್ತಿರ ಬಗ್ಗಿದಳು. ವೈಪರ್ ಆಡಿದ ಎರಡು ಕಮಾನುಗಳ ಒಳಗೆ ಗಾಜು ಮಬ್ಬಾಗಿತ್ತು, ಹಾಲು ಬಳಿದ ಹಾಗೆ. ಕಮಾನಿನ ಹೊರಗೆ ಒಣ ಧೂಳು. ಬೆರಳಿಟ್ಟಳು. ಜಾರಿತು.

"ಲಾರಿ ಆಯಿಲ್ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್. ಏನು ಕೇಳಿದರೂ ಉದ್ದಕ್ಕೆ ಹೇಳುವುದರಿಂದ ಅವನಿಗೆ ಠಾಣೆಯಲ್ಲಿ ಪುರಾಣ ಎಂದೇ ಹೆಸರು. "ಕೆಳಗೆ ನೋಡಿ, ಕೆರೆ ಆಗಿದೆ. ಗುದ್ದಿದಾಗ ಹಾರಿರುತ್ತೆ. ಹಿಂದೊಂದು ಸಲ ಹೀಗೇ ಒಂದು ಟ್ಯಾಂಕರು..."

"ಆ ಆಯಿಲ್ ಕಪ್ಪಗಿದೆ."

"ಬಿಸಿಲಿಗೆ ಬೆಳ್ಳಗೆ ಕಾಣ್ತಿರಬೇಕು."

ಇರಬಹುದು ಎಂದುಕೊಂಡಳು. ಆದರೂ ಕಾರನ್ನು ಠಾಣೆಯ ಅಂಗಳಕ್ಕೆ ಎಳೆಸಿ, ಯಾರೂ ಮುಟ್ಟಬಾರದೆಂದು ಬರೆದಳು. ಲಾರಿ ಚಾಲಕನನ್ನು ಲಾಕಪ್ಪಿಗೆ ಕಳಿಸಬೇಕಾಯಿತು. ದೊಡ್ಡ ಸಾಹೇಬರ ಆಜ್ಞೆ.

*

ಗಂಡ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ತಲೆಯಿಟ್ಟು ನಿಂತಿದ್ದ. ಅವನದು ಅಲಂಕಾರದ ಮೀನು ಮಾರುವ ಅಂಗಡಿ. ತೆಳ್ಳಗಿನ, ಅಚ್ಚುಕಟ್ಟಾದ ಮನುಷ್ಯ. ಅಂಗಿಯ ತೋಳು ಎರಡೂ ಕಡೆ ಒಂದೇ ಅಳತೆಗೆ ಮಡಚಿತ್ತು.

"ನನ್ನಿಂದಲೇ ಆಗಿದ್ದು ಮೇಡಂ. ನನ್ನನ್ನು ಹಿಡ್ಕೊಂಡು ಹೋಗಿ."

"ಏನಾಯ್ತು ಹೇಳಿ."

"ಗಾಜಿಗೆ ನೀರು ಚಿಮ್ಮುತ್ತಲ್ಲ, ಅದರ ಪೈಪು ಸೋರ್ತಿತ್ತು. ಗ್ಯಾರೇಜಿಗೆ ಬಿಟ್ಟಿದ್ರೆ ಆಗ್ತಿತ್ತು. ನಾನೇ ಮಾಡ್ತೀನಿ ಅಂತ ಭಾನುವಾರ ಮನೇಲಿ ಕೂತೆ. ಸೀಳಿದ ತುಂಡು ಕತ್ತರಿಸಿ ಜಾಯಿಂಟ್ ಹಾಕ್ದೆ. ಅದರ ನೀರಿನ ತೊಟ್ಟಿ ತೊಳೆದು, ಹೊಸ ನೀರು ತುಂಬಿ, ಒತ್ತಿ ನೋಡ್ದೆ. ಚೆನ್ನಾಗೇ ಚಿಮ್ತು." ಅವನು ಮುಖ ಮುಚ್ಚಿಕೊಂಡ. "ಬೆಳಗ್ಗೆ ದಾರೀಲಿ ಕಿತ್ತು ಬಂದಿರಬೇಕು. ಎದುರಿಗೆ ಬಿಸಿಲು, ಗಾಜಿನ ತುಂಬ ಧೂಳು, ನೀರಿಲ್ಲ. ಏನು ಕಂಡೀತು ಅವಳಿಗೆ? ಮೀನು ಸಾಕೋನಿಗೆ ಕಾರಿನ ಉಸಾಬರಿ ಯಾಕೆ ಬೇಕಿತ್ತು?"

ಪುರಾಣ ಅವನ ಬೆನ್ನು ಸವರಿದ. ಅಲ್ಲಿ ಹಾದುಹೋಗುತ್ತಿದ್ದ ನರ್ಸ್ ಕೂಡ ಒಂದು ಲೋಟ ನೀರು ತಂದುಕೊಟ್ಟಳು.

"ಅವಳ ಕನ್ನಡಕ ಕಾರಲ್ಲೇ ಉಳಿದಿದೆ," ಎಂದ ಗಂಡ. "ಒಂದು ನಿಮಿಷ ಹೋಗಿ ತರಲಾ?"

"ನಾವೇ ಕಳಿಸ್ತೀವಿ."

ಮರುದಿನವೂ ಅವನು ಠಾಣೆಗೆ ಬಂದು ಅದನ್ನೇ ಕೇಳಿದ. ಸಬ್ ಇನ್ಸ್‌ಪೆಕ್ಟರ್ ಸಹಿ ಹಾಕಿಸಿಕೊಂಡು ಕನ್ನಡಕ ಕೊಟ್ಟಳು. ಅವನು ಹೊರಡಲಿಲ್ಲ. ಕಾರಿನ ಕಡೆ ನೋಡುತ್ತ ಐದು ನಿಮಿಷ ನಿಂತ. ಪಾಪ, ಎಂದುಕೊಂಡಿತು ಠಾಣೆ.

*

ಬುಧವಾರ ಹೆಂಡತಿಯನ್ನು ಮಾತಾಡಿಸಲು ವೈದ್ಯರು ಒಪ್ಪಿದರು. ಬಿಸ್ಕತ್ ಫ್ಯಾಕ್ಟರಿಯಲ್ಲಿ ಸರಕು ಪರೀಕ್ಷಿಸುವ ಕೆಲಸ ಅವಳದು. ಕಾಲಿಗೆ ತೊಡೆಯವರೆಗೂ ಪ್ಲಾಸ್ಟರ್ ಹಾಕಿದ್ದರು.

"ನೀರಿನ ಬಟನ್ ಒತ್ತಿದ್ದು ನೆನಪಿದೆ," ಎಂದಳು. "ಆ ರಸ್ತೆಗೆ ತಿರುಗಿದ ಕೂಡಲೇ ದಿನಾ ಒತ್ತುತ್ತಿದ್ದೆ. ಆರು ತಿಂಗಳಿಂದ ಬರ್ತಿರಲಿಲ್ಲ. ಆದ್ರೂ ಅಭ್ಯಾಸ. ಅವತ್ತು ಎದುರಿಗೆಲ್ಲ ಬೆಳ್ಳಗಾಯ್ತು. ಆಮೇಲೆ ಗೊತ್ತಿಲ್ಲ. ಬಿಸಿಲು ಕಣ್ಣಿಗೆ ಹೊಡೀತೇನೋ."

"ಆರು ತಿಂಗಳು ಹಾಗೇ ಓಡಿಸಿದ್ರಾ?"

"ಬಾಟ್ಲಿ ನೀರು ಇಟ್ಕೊಂಡು ಓಡಿಸ್ತಿದ್ದೆ. ಇವರಿಗೆ ನೂರು ಸಲ ಹೇಳಿದ್ದೆ. ಅವರ ಅಂಗಡೀಲಿ ಮೀನಿಗೆ ಉಸಿರಾಡೋಕೆ ತೊಂದ್ರೆ ಆದ್ರೆ ಊಟ ಬಿಟ್ಟು ಓಡ್ತಾರೆ. ನಾನು ಹೇಳಿದ್ರೆ ಕಿವಿಗೇ ಬೀಳಲ್ಲ." ಅವಳು ನಕ್ಕಳು. ಪಕ್ಕೆ ನೋವಿಗೆ ನಗು ಅರ್ಧಕ್ಕೇ ನಿಂತಿತು. "ಶನಿವಾರ ಹೇಳಿಬಿಟ್ಟೆ. ಬೇರೆ ಊರಿನ ಫ್ಯಾಕ್ಟರೀಲಿ ಕೆಲಸ ಸಿಕ್ಕಿದೆ, ಒಬ್ಬಳೇ ಹೋಗ್ತೀನಿ, ವಾಪಸ್ ಬರಲ್ಲ ಅಂತ. ಒಂದು ಮಾತೂ ಆಡಲಿಲ್ಲ. ಮಾರನೇ ದಿನ ಬೆಳಗ್ಗೆ ಎದ್ದು ಪೈಪು ಸರಿ ಮಾಡೋಕೆ ಕೂತ್ರು."

"ನೀವೇನಂದ್ಕೊಂಡ್ರಿ?"

"ಕೊನೆಗೂ ನನ್ನ ಮಾತು ಕೇಳಿಸ್ತು ಅಂದ್ಕೊಂಡೆ." ಅವಳು ಹೊದಿಕೆಯ ಅಂಚನ್ನು ನೇವರಿಸಿದಳು. "ಆ ಕೆಲಸಕ್ಕೆ ಬರಲ್ಲ ಅಂತ ನಿನ್ನೆ ಫೋನ್ ಮಾಡಿಸ್ದೆ. ನಾಳೆ ನಾಲ್ಕು ಗಂಟೆಗೆ ಮನೆಗೆ ಬಿಡ್ತಾರೆ. ಮೂರು ತಿಂಗಳು ಎದ್ದೇಳೋ ಹಾಗಿಲ್ಲ. ಎಲ್ಲಾ ನಾನೇ ನೋಡ್ಕೋತೀನಿ ಅಂದಿದ್ದಾರೆ. ದಯವಿಟ್ಟು ಅವರ ತಪ್ಪು ಅಂತ ಬರೀಬೇಡಿ."

*

ಗುರುವಾರ ಬೆಳಗ್ಗೆ ಗ್ಯಾರೇಜಿನ ಮೇಸ್ತ್ರಿ ಬಂದ. ಜಜ್ಜಿದ ಬಾನೆಟ್ಟನ್ನು ಕಬ್ಬಿಣದ ಸಲಾಕೆಯಿಂದ ಎಬ್ಬಿಸಿ ಒಳಗೆ ಕೈ ಹಾಕಿದ.

"ಜಾಯಿಂಟ್ ಕಿತ್ತು ಬಂದಿದೆಯಾ?"

"ಎಲ್ಲಿ ಬಂತು?" ಮೇಸ್ತ್ರಿ ಪೈಪನ್ನು ಹಿಡಿದು ಎಳೆದ. ಬರಲಿಲ್ಲ. ಹಲ್ಲು ಕಚ್ಚಿ ಎಳೆದ. "ಇಡೀ ಕಾರು ಜಜ್ಜಿ ಹೋದ್ರೂ ಇದು ಅಲ್ಲಾಡಿಲ್ಲ. ಬಿಸಿನೀರಲ್ಲಿ ಮೆತ್ತಗೆ ಮಾಡಿ ಏರಿಸಿದ್ದಾರೆ, ಎರಡೂ ಕಡೆ ತಂತಿ ಸುತ್ತಿ ಬಿಗಿದಿದ್ದಾರೆ. ಕತ್ತರಿಸಿದ ಅಂಚು ನೋಡಿ, ಬ್ಲೇಡಲ್ಲಿ ನೇರ. ಯಾರು ಮಾಡಿದ್ದು? ನನ್ನ ಹತ್ರ ಕಳಿಸಿ, ಇವತ್ತೇ ಕೆಲಸಕ್ಕೆ ಹಾಕ್ಕೋತೀನಿ."

"ಮಾಡಿದವನು ತನಗೆ ಕೆಲಸ ಬರಲ್ಲ ಅಂತ ಅಳ್ತಿದ್ದಾನೆ."

"ಹಾಗಾದ್ರೆ ಅವನ ಕೈ ಬೇರೆ, ಬಾಯಿ ಬೇರೆ."

ಹೊರಗಿನ ಬ್ಯಾಟರಿಯಿಂದ ಪಂಪಿಗೆ ವೈರು ಕೊಟ್ಟರು. ನೀರು ಗಾಜಿಗೆ ಚಿಮ್ಮಿತು. ಮೇಸ್ತ್ರಿ ವೈಪರ್ ಕಡ್ಡಿಯನ್ನು ಕೈಯಿಂದಲೇ ಎಳೆದ. ಗಾಜು ಬೆಳ್ಳಗಾಯಿತು. ಇನ್ನೊಮ್ಮೆ ಎಳೆದ. ಇನ್ನಷ್ಟು ಬೆಳ್ಳಗಾಯಿತು.

ತೊಟ್ಟಿಯ ಮುಚ್ಚಳ ತೆಗೆದರು. ಸೋಪಿನ ನೀರು. ಅದರ ಮೇಲೆ ಬೆರಳು ದಪ್ಪ ಅಡುಗೆ ಎಣ್ಣೆ.

"ಲಾರಿ ಆಯಿಲ್ ಮುಚ್ಚಳ ತೆಗೆದು ಒಳಗೆ ಹೋಗಲ್ಲ," ಎಂದ ಪುರಾಣ. ಮೊದಲ ಸಲ ಒಂದೇ ವಾಕ್ಯಕ್ಕೆ ನಿಲ್ಲಿಸಿದ್ದ. ಆದರೆ ತಡೆಯಲಾಗಲಿಲ್ಲ. "ಫ್ಯಾಕ್ಟರಿಯವರದ್ದೇ ಕೆಲಸ ಮೇಡಂ. ಆಯಮ್ಮನಿಗೆ ದೊಡ್ಡ ಕೆಲಸ ಸಿಕ್ಕಿದ್ದು ಯಾರಿಗೋ ಹೊಟ್ಟೆ ಉರೀತು."

"ಭಾನುವಾರ ತೊಟ್ಟಿ ತೊಳೆದು ಹೊಸ ನೀರು ಹಾಕಿದ್ದಾರಂತೆ. ಆಮೇಲೆ ಕಾರು ಫ್ಯಾಕ್ಟರಿಗೆ ಹೋಗಿಯೇ ಇಲ್ಲ. ದಾರಿಯಲ್ಲೇ ಗುದ್ದಿತು."

"ಹಾಗಾದ್ರೆ ಗಂಡ."

"ಅಥವಾ ಭಾನುವಾರ ಸಂಜೆ ಮನೆ ಮುಂದೆ ಹಾದುಹೋದ ಯಾರಾದರೂ."

ಅವಳು ತೊಟ್ಟಿಯ ಮುಚ್ಚಳ ಹಾಕಿ, ಬಿಗಿಯಾಗಿದೆಯೇ ಎಂದು ಎರಡು ಸಲ ನೋಡಿದಳು. ತಪ್ಪಾಗಿ ಗಂಡನನ್ನು ಹಿಡಿದರೆ ಮನೆ ಮುರಿದ ಪಾಪ. ಸುಮ್ಮನಿದ್ದರೆ ನಾಲ್ಕು ಗಂಟೆಗೆ, ಎದ್ದು ಓಡಲಾಗದ ಹೆಂಗಸೊಬ್ಬಳು ಅವನ ಕೈಗೆ ಹೋಗುತ್ತಾಳೆ. ಗಡಿಯಾರ ನೋಡಿದಳು. ಹನ್ನೆರಡೂವರೆ.

*

ಮೀನಿನ ಅಂಗಡಿಗೆ ಹೋದರು. ಗಂಡ ಇರಲಿಲ್ಲ. ಆಸ್ಪತ್ರೆಗೆ ಹೊರಡುವ ತಯಾರಿಗೆ ಹೋಗಿದ್ದಾನೆಂದು ಹೇಳಿ ಪಕ್ಕದ ಅಂಗಡಿಯವನು ಬಾಗಿಲು ತೆಗೆದುಕೊಟ್ಟ. ಒಳಗೆ ಮೂವತ್ತು ಗಾಜಿನ ತೊಟ್ಟಿಗಳು. ಪ್ರತಿಯೊಂದಕ್ಕೂ ಗಾಳಿಯ ಪೈಪು, ನೀರಿನ ಪೈಪು, ಕವಲಿಗೊಂದು ಜಾಯಿಂಟ್. ಪ್ರತಿ ಜಾಯಿಂಟಿಗೂ ಎರಡು ಸುತ್ತು ತಂತಿ.

ಅವಳು ಮಂಡಿಯೂರಿ ನೆಲ ಸವರಿದಳು. ಒಂದು ಹನಿ ಇಲ್ಲ. ಇನ್ನೊಂದು ಮೂಲೆಯಲ್ಲೂ ಸವರಿದಳು. ಒಣ.

ಅಲ್ಲಿಂದ ಮನೆಗೆ. ಕಾರು ನಿಲ್ಲಿಸುವ ಜಾಗಕ್ಕೆ ತಗಡಿನ ಮಾಡು, ಮೂರು ಗೋಡೆ. ಬಾಗಿಲಿಲ್ಲ.

"ನೋಡಿ, ಯಾರು ಬೇಕಾದ್ರೂ ಬರಬಹುದು," ಎಂದ ಪುರಾಣ. "ಕೋರ್ಟಲ್ಲಿ ವಕೀಲ ಇದನ್ನೇ ಹಿಡ್ಕೋತಾನೆ."

ಅವಳು ನೆಲ ನೋಡುತ್ತ ಕುಕ್ಕರಿಸಿದಳು. ಕಾರಿನ ಮುಂದಿನ ಚಕ್ರ ನಿಲ್ಲುವ ಕಡೆ ಸಿಮೆಂಟಿನ ಮೇಲೆ ತಟ್ಟೆಯಗಲದ ಬಿಳಿ ಕಲೆ. ಆರು ತಿಂಗಳು ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಉಪ್ಪು ಕಟ್ಟಿದ ಗುರುತು. ಸೀಳಿದ ಪೈಪಿನ ನೇರ ಕೆಳಗೆ.

ಆ ಬಿಳಿಯ ನಟ್ಟನಡುವೆ ಇನ್ನೊಂದು ಕಲೆ. ಕಂದು ಬಣ್ಣ, ಧೂಳು ಅಂಟಿ ಗಟ್ಟಿಯಾಗಿತ್ತು. ಅವಳು ಉಗುರಿನಿಂದ ಕೆರೆದು ಮೂಸಿದಳು. ಅಡುಗೆ ಎಣ್ಣೆ.

ನಡೆದದ್ದನ್ನು ಮನಸ್ಸಿನಲ್ಲಿ ಮೂರು ಸಲ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಎಣಿಸಿದಳು. ಪ್ರತಿ ಸಲವೂ ಲೆಕ್ಕ ಅಲ್ಲಿಗೇ ಬಂದು ನಿಂತಿತು.

"ಜೀಪು ತೆಗೀರಿ," ಎಂದಳು. ಮೂರೂವರೆ ಆಗಿತ್ತು.

*

ವಾರ್ಡಿನಲ್ಲಿ ಹೆಂಡತಿಯನ್ನು ಆಗಲೇ ಗಾಲಿಕುರ್ಚಿಗೆ ಕೂರಿಸಿದ್ದರು. ಗಂಡ ಅವಳ ಬಟ್ಟೆಗಳನ್ನು ಅಂಚಿಗೆ ಅಂಚು ಸೇರಿಸಿ ಮಡಚುತ್ತಿದ್ದ.

"ನಿಮ್ಮ ಜಾಯಿಂಟ್ ಕಿತ್ತು ಬಂದಿಲ್ಲ," ಎಂದಳು ಸಬ್ ಇನ್ಸ್‌ಪೆಕ್ಟರ್. "ಮೇಸ್ತ್ರಿ ಎಳೆದ್ರೂ ಬರಲಿಲ್ಲ."

"ಹೌದಾ? ದೇವರು ದೊಡ್ಡವನು. ನನ್ನ ತಪ್ಪಲ್ಲ ಅಂದಂಗಾಯ್ತು."

"ತೊಟ್ಟಿಯಲ್ಲಿ ಎಣ್ಣೆ ಇತ್ತು."

ಮಡಚುತ್ತಿದ್ದ ಕೈ ನಿಂತಿತು. "ಯಾರೋ ಆಗದವರು ಹಾಕಿರಬೇಕು. ನಮ್ಮ ಶೆಡ್ಡಿಗೆ ಬಾಗಿಲಿಲ್ಲ. ರಿಪೇರಿ ಆದ್ಮೇಲೆ ಬಂದು..."

"ರಿಪೇರಿ ಆದ್ಮೇಲೆ ಹಾಕಿದ್ರೆ ನೆಲಕ್ಕೆ ಒಂದು ಹನಿ ಬೀಳ್ತಿರಲಿಲ್ಲ. ನಿಮ್ಮ ಜಾಯಿಂಟ್ ಸೋರಲ್ಲ. ಆದ್ರೆ ಸೀಳು ಇದ್ದ ಜಾಗದ ನೇರ ಕೆಳಗೆ ಎಣ್ಣೆ ತೊಟ್ಟಿಕ್ಕಿದೆ. ಅಂದ್ರೆ ಪೈಪು ಇನ್ನೂ ಸೋರ್ತಿದ್ದಾಗಲೇ ತೊಟ್ಟಿಗೆ ಎಣ್ಣೆ ಬಿದ್ದಿತ್ತು. ತೊಟ್ಟಿ ತೊಳೆದೆ, ಹೊಸ ನೀರು ತುಂಬಿದೆ, ಒತ್ತಿ ನೋಡ್ದೆ ಅಂತ ನೀವೇ ಹೇಳಿದ್ರಿ. ತೊಳೆದಿದ್ರೆ ಎಣ್ಣೆ ಇರ್ತಿರಲಿಲ್ಲ. ತೊಳೀದೆ ಒತ್ತಿದ್ರೆ ಗಾಜು ಬೆಳ್ಳಗಾಗಿದ್ದು ನಿಮಗೆ ಕಾಣ್ತಿತ್ತು."

ಗಂಡ ಕೈಯಲ್ಲಿದ್ದ ಬಟ್ಟೆಯ ಅಂಚನ್ನು ಮತ್ತೆ ಸರಿಗೂಡಿಸಿದ.

"ಮೊದಲು ಎಣ್ಣೆ ಹಾಕಿದ್ರಿ. ಅದು ಗಾಜಿಗೆ ಹೋಗೋ ಬದಲು ಸೀಳಿನಿಂದ ನೆಲಕ್ಕೆ ಸುರೀತು. ಅದಕ್ಕೇ ಪೈಪು ಸರಿ ಮಾಡೋಕೆ ಕೂತ್ರಿ. ಇವರಿಗೋಸ್ಕರ ಅಲ್ಲ, ಎಣ್ಣೆಗೋಸ್ಕರ. ಗುದ್ದಿದ ಮೇಲೆ ಕೆಲಸ ಬರದವನ ವೇಷ ಹಾಕಿದ್ರಿ. ಆ ಜಾಯಿಂಟ್ ಕಿತ್ತಿಡೋಕೆ ಅಂತಲೇ ಕನ್ನಡಕದ ನೆಪದಲ್ಲಿ ಎರಡು ಸಲ ಕಾರಿನ ಹತ್ರ ಬರೋಕೆ ನೋಡಿದ್ರಿ. ಮೊದಲೇ ಸಡಿಲ ಬಿಟ್ಟಿದ್ರೆ ಎಣ್ಣೆ ಗಾಜು ತಲುಪ್ತಿರಲಿಲ್ಲ. ಅದೂ ಅಲ್ಲದೆ, ಸಡಿಲ ಬಿಡೋಕೆ ನಿಮ್ಮ ಕೈಗೆ ಬರಲ್ಲ."

ಪಕ್ಕದ ಮಂಚದ ಮುದುಕಿ ಕೆಮ್ಮು ತಡೆದುಕೊಂಡಳು.

"ಬಿಟ್ಟು ಹೋದ್ಲು ಅಂತ ಬೀದಿಯವರೆಲ್ಲ ಆಡ್ಕೋಬೇಕಿತ್ತಾ?" ಎಂದ ಗಂಡ. ಹೆಂಡತಿಯ ಕಡೆ ನೋಡಲಿಲ್ಲ. ಪೊಲೀಸರಿಗೆ ಹೇಳಿದ. "ಹೆಂಡತಿ ಸತ್ತೋನಿಗೆ ಒಂದು ಮರ್ಯಾದೆ ಇರುತ್ತೆ. ಹೆಂಡತಿ ಬಿಟ್ಟೋನಿಗೆ ಏನಿದೆ?"

ಪುರಾಣ ಅವನ ತೋಳು ಹಿಡಿದ. ಈ ಸಲ ಬೆನ್ನು ಸವರಲಿಲ್ಲ.

"ನಿಲ್ಲಿ," ಎಂದಳು ಹೆಂಡತಿ.

ಎಲ್ಲರೂ ನಿಂತರು.

"ಬಿಸಿನೀರು ಕಾಯಿಸಿಕೊಟ್ಟಿದ್ದು ನಾನು. ಬಾನೆಟ್ ಒಳಗೆ ಕತ್ತಲೆ ಅಂತ ಟಾರ್ಚ್ ಹಿಡಿದಿದ್ದೂ ನಾನು. ಕೈ ಅಲ್ಲಾಡಿಸಬೇಡ ಅಂತ ಬೈದ್ರು, ಉಸಿರು ಬಿಗಿಹಿಡಿದು ನಿಂತೆ. ಒತ್ತಿ ನೋಡೋ ಹೊತ್ತಿಗೆ ಕಾಫಿ ತಾ ಅಂತ ಒಳಗೆ ಕಳಿಸಿದ್ರು." ಅವಳ ದನಿಯಲ್ಲಿ ಅಳು ಇರಲಿಲ್ಲ. "ಅದನ್ನೂ ಬರ್ಕೊಳ್ಳಿ ಮೇಡಂ. ಎಷ್ಟು ಚೆನ್ನಾಗಿ ಮಾಡ್ತಾರೆ ಇವರು ಅಂದ್ಕೊಳ್ತಾ ಕಾಫಿಗೆ ಸಕ್ಕರೆ ಒಂದು ಚಮಚ ಜಾಸ್ತೀನೇ ಹಾಕ್ದೆ."

ಸಬ್ ಇನ್ಸ್‌ಪೆಕ್ಟರ್ ಬರೆದುಕೊಂಡಳು. ಗಂಡನನ್ನು ಕರೆದೊಯ್ದರು. ಲಾರಿ ಚಾಲಕನನ್ನು ಬಿಡುವಂತೆ ಅವಳು ಅಲ್ಲಿಂದಲೇ ಠಾಣೆಗೆ ಫೋನ್ ಮಾಡಿದಳು. ಅರ್ಧ ಮಡಚಿದ ಬಟ್ಟೆಗಳನ್ನು ನೋಡುತ್ತ ನಿಂತಳು.

ನರ್ಸ್ ಡಿಸ್ಚಾರ್ಜ್ ಕಾಗದ ಹಿಡಿದು ಬಂದಳು. ಅವಳಿಗೆ ಏನೂ ಗೊತ್ತಿರಲಿಲ್ಲ.

"ಕರ್ಕೊಂಡು ಹೋಗೋರು ಎಲ್ಲಮ್ಮ? ಇಲ್ಲಿ ಸಹಿ ಬೇಕು."

"ಕೊಡಿ, ನಾನೇ ಹಾಕ್ತೀನಿ."

"ರೋಗಿ ಹಾಕೋ ಹಾಗಿಲ್ಲಮ್ಮ. ಮನೆಯವರೇ ಆಗಬೇಕು."

ಹೆಂಡತಿ ಕಾಗದವನ್ನು ವಾಪಸ್ ಕೊಟ್ಟಳು.

"ಹಾಗಾದ್ರೆ ನನ್ನನ್ನು ಮಂಚಕ್ಕೆ ಹತ್ತಿಸಿ."