ಪಾಟ್ಸ್‌ಡಾಮ್‌ನಲ್ಲಿ ಇಳಿದವನು

"ಇಪ್ಪತ್ತಾರನೇ ಸಾಲಲ್ಲಿ ಒಂದು ತೂತು ಹೆಚ್ಚಾಗಿದೆ, ಫ್ರಾಯ್ಲೈನ್ ಪಾಲ್ಕೆ."

ಗೆರ್ಲಿಂಡೆ ಪಾಲ್ಕೆ ತಲೆಯೆತ್ತಿದಳು. ತಪ್ಪು ಹಿಡಿದವನಿಗೆ ಕಣ್ಣು ಕಾಣುತ್ತಿರಲಿಲ್ಲ! ಅವಳು ಹಳೆಯ ಸಿನಿಮಾ ರೀಲಿನ ಮೇಲೆ ಹೊಡೆದಿದ್ದ ತೂತುಗಳನ್ನು ಅವನು ಬೆರಳ ತುದಿಯಿಂದ ಓದುತ್ತಿದ್ದ.

ಅವಮಾನದಿಂದ ಅವಳ ಮುಖ ಕೆಂಪಾಯಿತು. 'ಇವನಿಗೆ ಕಾಣಲ್ಲವಲ್ಲ, ಸದ್ಯ' ಅಂದುಕೊಂಡಳು.

ಬರ್ಲಿನ್ನಿನ ಆ ಕಾರ್ಖಾನೆಯಲ್ಲಿ ಇದ್ದದ್ದು ಒಂದೇ ಯಂತ್ರ. ಟೆಲಿಫೋನ್ ಕಚೇರಿಯ ಎರಡು ಸಾವಿರ ಹಳೆಯ ಸ್ವಿಚ್ಚುಗಳನ್ನು ಜೋಡಿಸಿ ಕಟ್ಟಿದ್ದು. ರೀಲಿನ ತೂತುಗಳೇ ಅದಕ್ಕೆ ಅಪ್ಪಣೆ. ಟಕಟಕ ಎನ್ನುತ್ತಾ ವಿಮಾನದ ರೆಕ್ಕೆಗಳ ಲೆಕ್ಕ ಹಾಕುತ್ತಿತ್ತು. ಆ ಅಪ್ಪಣೆಗಳನ್ನು ಯೋಚಿಸಿ ಹೇಳುತ್ತಿದ್ದವನು ಫೋಲ್ಕ್‌ಮಾರ್ ಟೀಸೆನ್, ಹುಟ್ಟು ಕುರುಡ. ತೂತು ಹೊಡೆಯುತ್ತಿದ್ದವಳು ಗೆರ್ಲಿಂಡೆ.

ಒಂದೂವರೆ ವರ್ಷ ಒಂದೇ ಮೇಜಿನ ಎರಡು ಬದಿಗೆ ಕುಳಿತರು. ಬಾಂಬಿಗೆ ಅವಳ ಮನೆ ಹೋಯಿತು, ಅಮ್ಮನೂ ಹೋದಳು. ಅಂದು ಅವನು ಸಮಾಧಾನದ ಮಾತೇನೂ ಆಡಲಿಲ್ಲ. ತನ್ನ ಪಾಲಿನ ಬ್ರೆಡ್ಡನ್ನು ಮೇಜಿನ ಮೇಲೆ ಅವಳತ್ತ ತಳ್ಳಿದ, ಅಷ್ಟೇ. ಅವಳು ಅಳುತ್ತಲೇ ತಿಂದಳು. ಅಲ್ಲಿಂದಾಚೆಗೆ ಅವಳ ಮನಸ್ಸು ಅವನದಾಯಿತು... ಹೇಳಲು ಮಾತ್ರ ಬಾಯಿ ಬರಲಿಲ್ಲ.

1945ರ ಫೆಬ್ರವರಿ ಹೊತ್ತಿಗೆ ರಷ್ಯನ್ ಸೈನ್ಯ ಹತ್ತಿರವಾಯಿತು. ಯಂತ್ರವನ್ನು ಬಿಚ್ಚಿ ಲಾರಿಗಳಲ್ಲಿ ದಕ್ಷಿಣಕ್ಕೆ ಸಾಗಿಸುವುದೆಂದು ನಿರ್ಧಾರವಾಯಿತು. ಹೋಗುವವರ ಪಟ್ಟಿಯಲ್ಲಿ ಗೆರ್ಲಿಂಡೆಯ ಹೆಸರಿರಲಿಲ್ಲ.

ಅವಳು ಮಾಲೀಕರನ್ನು ಕೇಳಿದಳು. ತೂತು ಹೊಡೆಯುವವರು ಎಲ್ಲಿ ಬೇಕಾದರೂ ಸಿಗುತ್ತಾರೆ, ಟೀಸೆನ್ ಕೂಡ ಇದಕ್ಕೆ ಒಪ್ಪಿದ್ದಾನೆ ಎಂದರು ಅವರು.

'ಒಪ್ಪಿದನಾ...?'

ಲಾರಿಗಳು ಹೊರಟಾಗ ಅವಳು ಮೆಟ್ಟಿಲ ಕೆಳಗೆ ನಿಂತಿದ್ದಳು. ಫ್ರಾಯ್ಲೈನ್ ಪಾಲ್ಕೆ ಎಲ್ಲಿ ಎಂದು ಅವನು ವಿಚಾರಿಸುತ್ತಿರುವುದು ಕೇಳಿಸಿತು. ಅವಳು ಓಗೊಡಲಿಲ್ಲ.

ಮರುದಿನವೇ ಕಾರ್ಖಾನೆಯ ಅರ್ಧ ಭಾಗ ಬಾಂಬಿಗೆ ಉರುಳಿತು. ಉಳಿದ ನೆಲಮಾಳಿಗೆಯೇ ಅವಳ ಮನೆಯಾಯಿತು. ಒಲೆಗೆ ಕಲ್ಲಿದ್ದಲು ಇರಲಿಲ್ಲ. ಏಳಬೇಕು ಅನ್ನಿಸುತ್ತಿರಲಿಲ್ಲ. ಯಾರಿಗಾಗಿ ಏಳುವುದು?

ಮೂರನೆಯ ದಿನ ಮಧ್ಯಾಹ್ನ ಹೊರಗೆ ಇಟ್ಟಿಗೆ ಜಾರಿದ ಸದ್ದಾಯಿತು. ಹೊರಬಂದು ನೋಡಿದರೆ, ಮುರಿದ ಗೋಡೆಯನ್ನು ತಡವುತ್ತಾ ಬರುತ್ತಿದ್ದಾನೆ ಫೋಲ್ಕ್‌ಮಾರ್! ಕೋಲಿಲ್ಲ. ಅಂಗೈಗಳ ಚರ್ಮ ಕಿತ್ತು ರಕ್ತ ಬಂದಿದೆ. ಒಂದು ಕಾಲಿಗೆ ಬೂಟೇ ಇಲ್ಲ.

ಓಡಿಹೋಗಿ ಅವನ ತೋಳು ಹಿಡಿದಳು. ಹಿಡಿದ ಮೇಲೆ ಕೋಪ ಉಕ್ಕಿತು.

"ಯಾಕೆ ಬಂದಿರಿ? ನನ್ನನ್ನ ಬಿಟ್ಟು ಹೋಗೋಕೆ ಒಪ್ಪಿದ್ದಿರಂತಲ್ಲ."

"ನೀವು ಹಿಂದಿನ ಲಾರೀಲಿ ಕೂತಿದ್ದೀರಿ ಅಂತ ಮಾಲೀಕರು ಹೇಳಿದ್ರು." ಅವನ ದನಿ ಒಡೆದಿತ್ತು. "ನೀವು ಬರದಿದ್ರೆ ನಾನು ಹತ್ತಲ್ಲ ಅಂದಿದ್ದೆ, ಅದಕ್ಕೆ. ಪಾಟ್ಸ್‌ಡಾಮ್ ಊರಿನ ತನಕ ನಂಬಿದೆ. ಅಲ್ಲಿ ಲಾರಿ ನಿಂತಾಗ ನಿಮ್ಮನ್ನ ಕೂಗಿದೆ... ಎಷ್ಟು ಕೂಗಿದರೂ ಉತ್ತರ ಇಲ್ಲ. ಇಳಿದುಬಿಟ್ಟೆ."

"ಪಾಟ್ಸ್‌ಡಾಮಿಂದ ಅಷ್ಟು ದೂರ ನಡೆದು ಬಂದಿರಾ?"

"ದಾರೀಲಿ ಸಿಕ್ಕವರನ್ನೆಲ್ಲ ಕೇಳ್ಕೊಂಡು ಬಂದೆ. ಇಬ್ಬರು ತಪ್ಪು ದಾರಿ ತೋರಿಸಿದ್ರು."

ಮೆಟ್ಟಿಲ ಕೆಳಗೆ ತಾನು ಬಾಯಿ ಮುಚ್ಚಿಕೊಂಡು ನಿಂತಿದ್ದನ್ನು ಅವಳು ಹೇಳಿದಳು. ಹೇಳುತ್ತಾ ಬಿಕ್ಕಿಬಿಕ್ಕಿ ಅತ್ತಳು. ಅವನು ಗಾಯದ ಕೈಯಿಂದ ಅವಳ ಕೆನ್ನೆ ಹುಡುಕಿ ಕಣ್ಣೀರು ಒರೆಸಿದ.

ದೂರದಲ್ಲಿ ಫಿರಂಗಿಗಳು ಗುಡುಗುತ್ತಿದ್ದವು. ಯಂತ್ರ ದಾಟಿಹೋಗಿತ್ತು. ಇವರಿಗೆ ಹೋಗಲು ಜಾಗವಿರಲಿಲ್ಲ, ತಿನ್ನಲು ಎರಡು ಆಲೂಗಡ್ಡೆ ಇದ್ದವು.

"ನೀವು ಆ ಲಾರೀಲೇ ಹೋಗಿದ್ರೆ ಬದುಕಿಕೊಳ್ತಿದ್ರಿ," ಎಂದಳು. "ಇಲ್ಲಿ ನಾಳೆ ಏನಾಗುತ್ತೋ."

"ನಾಳೇದು ನಂಗೂ ಗೊತ್ತಿಲ್ಲ, ಗೆರ್ಲಿಂಡೆ." ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಇನ್ಮೇಲೆ ನಾನು ಇಲ್ಲೇ. ನೀನು ಹೋಗು ಅಂದ್ರೂ ಹೋಗಲ್ಲ."

ಅವಳು ಅವನ ಭುಜಕ್ಕೆ ಹಣೆಯೊತ್ತಿದಳು.

"ಅನ್ನಲ್ಲ," ಎಂದಳು. "ಒಳಗೆ ಬಾ. ಎಡಕ್ಕೆ ಮೆಟ್ಟಿಲಿದೆ, ಜೋಪಾನ."