ಚಿಕ್ಕಮ್ಮನ ಅಂಗೈ

"ವಯಸ್ಸೆಷ್ಟು?"

ಬಾಗಿಲಲ್ಲಿ ನಿಂತವಳನ್ನು ತೀರಾತ್ ಕೇಳಿದ ಮೊದಲ ಮಾತೇ ಅದು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

ಸೈಪಿನ್ ಬಾಯಿ ತೆರೆಯುವಷ್ಟರಲ್ಲಿ, ಅವನ ಬೆನ್ನ ಹಿಂದಿದ್ದ ತಾಯಿ ರಂಪಾ ಐದು ಬೆರಳು ಎತ್ತಿ, ಆಮೇಲೆ ಬೆರಳಲ್ಲೇ ಸೊನ್ನೆ ತೋರಿಸಿ, ದಮ್ಮಯ್ಯ ಅನ್ನುವ ಹಾಗೆ ಕೈ ಮುಗಿದರು.

"ಐ... ಐವತ್ತು," ಎಂದಳು ಸೈಪಿನ್. ಅವಳಿಗಾಗ ಇಪ್ಪತ್ತೇಳು!

"ಸದ್ಯ! ಒಳಗೆ ಬನ್ನಿ ಚಿಕ್ಕಮ್ಮ."

ಅವನು ನಂಬಿದ್ದರಲ್ಲಿ ತಪ್ಪೇನೂ ಇಲ್ಲ. ಮೆಕ್ಲಾಂಗ್ ಸಂತೆಯಲ್ಲಿ ಹತ್ತು ವರ್ಷ ಬಂಗುಡೆ ಮಾರುತ್ತಾ ಕೂಗಿ ಕೂಗಿ ಅವಳ ಗಂಟಲು ಒಡೆದುಹೋಗಿತ್ತು. ಫೋನಿನಲ್ಲಿ ಅವಳನ್ನು ಅಜ್ಜಿ ಎಂದು ಕರೆದವರೂ ಇದ್ದಾರೆ. ಅಂಗಡಿ ಅತ್ತಿಗೆಯ ಕೈಗೆ ಹೋದ ಮೇಲೆ ಅವಳು ಈ ಕೆಲಸಕ್ಕೆ ಬಂದಿದ್ದಳು.

ಆಂಫವಾ ಕಾಲುವೆಯ ದೋಣಿಗಳ ಎಂಜಿನ್ ಕೆಟ್ಟರೆ ಒಂದು ಕಾಲದಲ್ಲಿ ಎಲ್ಲರೂ ತೀರಾತನ ಮನೆಗೇ ಓಡಿಬರುತ್ತಿದ್ದರು. ಎರಡು ವರ್ಷದ ಹಿಂದೆ ಬ್ಯಾಟರಿ ಸಿಡಿದು ಅವನ ಎರಡೂ ಕಣ್ಣು ಹೋದವು. ಅಂದಿನಿಂದ ಅವನು ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲ. ಬಿಳಿ ಕೋಲು ಬಾಗಿಲ ಹಿಂದೆ ಧೂಳು ಹಿಡಿದು ನಿಂತಿತ್ತು. ನೋಡಿಕೊಳ್ಳಲು ಬಂದ ಇಬ್ಬರು ಹುಡುಗಿಯರನ್ನು ಅವನೇ ಓಡಿಸಿದ್ದ. ಹರೆಯದ ಹುಡುಗಿಯೊಬ್ಬಳು ತನಗೆ ಮೀನಿನ ಮುಳ್ಳು ಬಿಡಿಸಿ ಕೊಡುವುದು ಅವನಿಗೆ ಸಾಯುವಷ್ಟು ನಾಚಿಕೆ. 'ವಯಸ್ಸಾದವರು ಸಿಕ್ಕರೆ ಕರ್ಕೊಂಡು ಬಾ, ಇಲ್ಲಾಂದ್ರೆ ಯಾರೂ ಬೇಡ' ಎಂದು ತಾಯಿಗೆ ಹೇಳಿಬಿಟ್ಟಿದ್ದ.

ಐವತ್ತರ ಚಿಕ್ಕಮ್ಮ ಮೊದಲ ದಿನವೇ ಮುಳ್ಳು ಬಿಡಿಸದ ಇಡೀ ಮೀನನ್ನು ಅವನ ಮುಂದಿಟ್ಟಳು.

"ಮುಳ್ಳು?" ಎಂದ ಅವನು.

"ನೀನೇ ತೆಕ್ಕೋ. ಕಣ್ಣು ಹೋಗಿದೆ, ಬೆರಳೂ ಹೋಗಿದ್ಯಾ?"

"ಅಬ್ಬಾ! ನಿಮ್ಮ ಯಜಮಾನ್ರು ಹೇಗೆ ಸಹಿಸ್ಕೊಂಡಿದ್ದಾರೋ!"

"ನಂಗೆ ಮದುವೆ ಆಗಿಲ್ಲ."

"ಅದೇ ಅಂದ್ಕೊಂಡೆ."

ಎರಡು ವರ್ಷದಲ್ಲಿ ಮೊದಲ ಸಲ ಅವನು ನಕ್ಕ. ಅಡುಗೆಮನೆಯಲ್ಲಿ ರಂಪಾ ತೋಳಿನಲ್ಲೇ ಕಣ್ಣೊರೆಸಿಕೊಂಡರು.

ಜನವರಿಯಲ್ಲಿ ಅವಳು ಪಕ್ಕದ ಮನೆಯ ಕೆಟ್ಟ ಎಂಜಿನ್ನನ್ನು ಮನೆ ಮುಂದಿನ ಕಟ್ಟೆಗೆ ಎಳೆಸಿಕೊಂಡು ಬಂದಳು. "ಸದ್ದು ಕೇಳಿ ಏನಾಗಿದೆ ಹೇಳು," ಎಂದಳು. ಅವನು ಬೈದ. ಬೈಯುತ್ತಲೇ ಕಿವಿಗೊಟ್ಟ. ಮಾರ್ಚ್ ಹೊತ್ತಿಗೆ ಅವನು "ಹದಿನಾಲ್ಕು" ಎಂದರೆ ಅವಳು ಹದಿನಾಲ್ಕರ ಸ್ಪ್ಯಾನರ್ ಅವನ ಕೈಗೆ ಇಡುತ್ತಿದ್ದಳು. ಕೈ ಮಾತ್ರ ತಾಕಿಸುತ್ತಿರಲಿಲ್ಲ. ಅವನನ್ನು ಕಟ್ಟೆಯವರೆಗೆ ನಡೆಸಿಕೊಂಡು ಹೋಗುವಾಗಲೂ ಒಂದು ಚೌಕಳಿ ವಸ್ತ್ರದ ತುದಿ ಅವನಿಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿಯುತ್ತಿದ್ದಳು.

'ಮುಟ್ಟಿದರೆ ಗೊತ್ತಾಗಿಬಿಡುತ್ತೆ... ಗೊತ್ತಾದರೆ ನನ್ನನ್ನೂ ಓಡಿಸ್ತಾನೆ. ಆಮೇಲೆ ಇವನ ನಗು ಕೇಳದೆ ನಾನು ಹೇಗಿರಲಿ?'

ಅವಳಿಗೆ ಅವನ ಮೇಲೆ ಪ್ರೀತಿಯಾಗಿತ್ತು. ಚಿಕ್ಕಮ್ಮನಿಗೆ!

ಏಪ್ರಿಲ್‌ನಲ್ಲಿ ಸೋಂಕ್ರಾನ್ ಬಂತು. ಹೊಸ ವರ್ಷದ ಆ ಬೆಳಿಗ್ಗೆ ಕಿರಿಯರು ಹಿರಿಯರ ಅಂಗೈಗೆ ಮಲ್ಲಿಗೆ ನೀರು ಸುರಿಯುತ್ತಾರೆ. ಹಿರಿಯರು ಹರಸುತ್ತಾರೆ. ಕಿರಿಯರು ಕೈ ಮುಗಿದು 'ಸಾಧು' ಎಂದು ಆ ಹರಕೆಯನ್ನು ತಮ್ಮದಾಗಿಸಿಕೊಳ್ಳುತ್ತಾರೆ.

ತೀರಾತ್ ತಾಯಿಯ ಕೈಗೆ ನೀರು ಹಾಕಿದ. ಆಮೇಲೆ ಬಟ್ಟಲು ಹಿಡಿದು ಸೈಪಿನ್‌ಳ ಕಡೆಗೆ ತಿರುಗಿ ಮಂಡಿಯೂರಿದ.

"ಚಿಕ್ಕಮ್ಮ, ಕೈ ಕೊಡಿ."

"ನಂಗ್ಯಾಕೆ? ನಾನು ಕೆಲಸದವಳು..."

"ಇಲ್ಲ. ಇವತ್ತು ಹಾಕ್ಲೇಬೇಕು. ನೀವು ನನ್ನ ಚಿಕ್ಕಮ್ಮ." ಅವನ ದನಿಯಲ್ಲಿ ಏನೋ ಹಟವಿತ್ತು.

'ಬಾಯಲ್ಲಿ ಸುಳ್ಳು ಹೇಳಿದ್ದಾಯಿತು. ನನಗಿಂತ ದೊಡ್ಡವನಿಂದ ಈ ನೀರು ಹಾಕಿಸಿಕೊಳ್ಳುವುದೆಂದರೇನು? ಹರಸಿಬಿಟ್ಟರೆ ಮುಗಿಯಿತು, ಜನ್ಮಪೂರ್ತಿ ಚಿಕ್ಕಮ್ಮ!' ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಹೋದಳು. ಅಷ್ಟರಲ್ಲಿ ಅವನು ಹಿಡಿದೇಬಿಟ್ಟಿದ್ದ.

ಕೂದಲೆಳೆಯಷ್ಟು ಬಿರುಕನ್ನೂ ಹುಡುಕುವ ಬೆರಳು ಅವನದು. ಅದು ಅಂಗೈ ಮೇಲೆ, ಮಣಿಕಟ್ಟಿನ ಮೇಲೆ ಒಮ್ಮೆ ಆಡಿತು. ನಿಂತಿತು.

"ಇದು ಐವತ್ತು ವರ್ಷದ ಕೈ ಅಲ್ಲ."

ರಂಪಾ ಗಡಬಡಿಸಿ ಎದ್ದರು. "ಮಗಾ, ತಪ್ಪು ನಂದು ಕಣೋ. ನಾನೇ ಹೇಳ್ಸಿದ್ದು..."

"ಕಣ್ಣಿಲ್ಲ ಅಂತ ನನ್ನ ಮನೇಲೇ ನಂಗೆ ನಾಟಕ ಆಡಿದ್ರಾ? ಇಬ್ಬರೂ ಸೇರ್ಕೊಂಡು?"

ಅವನು ಕೂಗಲಿಲ್ಲ. ಕೂಗಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೋ ಏನೋ. "ಕ್ಷಮಿಸಿ" ಎಂದಳು, ನಾಲ್ಕು ತಿಂಗಳಲ್ಲಿ ಮೊದಲ ಸಲ ಅವನಿಗೆ ಬಹುವಚನ ಕೊಟ್ಟು. ಚೌಕಳಿ ವಸ್ತ್ರವನ್ನು ಮಡಚಿ ಕುರ್ಚಿಯ ಮೇಲಿಟ್ಟು ಹೊರಟುಹೋದಳು.

ಮೂರನೆಯ ದಿನ ಅವಳು ಅತ್ತಿಗೆಯ ಅಂಗಡಿಯಲ್ಲಿ ಕೂತು ಕೂಗುತ್ತಿದ್ದಳು. "ಬಂಗುಡೇ... ಬೇಯಿಸಿದ ಬಂಗುಡೇ..."

"ಸ್ವಲ್ಪ ಮೆತ್ತಗೆ ಕೂಗೇ ಮಾರಾಯ್ತಿ," ಎಂದಳು ಅತ್ತಿಗೆ. "ಅಳ್ತಾ ಮಾರಿದ್ರೆ ಯಾರು ತಗೋತಾರೆ?"

ಅಷ್ಟರಲ್ಲಿ ಬುಟ್ಟಿಗೆ ಏನೋ ಟಕ್ಕನೆ ತಾಗಿತು. ಬಿಳಿ ಕೋಲು.

ತಲೆಯಿಂದ ಕಾಲಿನವರೆಗೆ ತೊಪ್ಪೆಯಾಗಿ, ಮುಖದ ತುಂಬ ಬಿಳಿ ಪುಡಿ ಮೆತ್ತಿಸಿಕೊಂಡು ತೀರಾತ್ ನಿಂತಿದ್ದ. ಸೋಂಕ್ರಾನ್ ದಿನಗಳಲ್ಲಿ ಬೀದಿಗಿಳಿದವನನ್ನು ಜನ ನೀರೆರಚಿ ಪುಡಿ ಬಳಿಯದೆ ಬಿಡುತ್ತಾರೆಯೇ?

"ಅಯ್ಯೋ! ಒಬ್ಬರೇ ಬಂದ್ರಾ?"

"ಸಂತೆವರೆಗೆ ಗಾಡೀಲಿ ಬಂದೆ. ಆಮೇಲೆ ನಿನ್ನ ಒಡಕು ಗಂಟಲು ಹಿಡ್ಕೊಂಡು ಬಂದೆ. ಇಡೀ ಸಂತೆಗೆ ಕೇಳ್ತಿತ್ತು."

ಅವಳು ಎದ್ದು ಬುಟ್ಟಿಯನ್ನು ಅವನ ದಾರಿಯಿಂದ ಪಕ್ಕಕ್ಕೆ ಸರಿಸಿದಳು. ಅವನು ಮುಂದುವರಿಸಿದ.

"ಸಿಟ್ಟು ಬಂತು, ನಿಜ. ಎರಡು ದಿನ ಇತ್ತು. ಆದ್ರೆ ನಾನ್ಯಾಕೆ ಅವತ್ತು ನೀರು ಹಾಕೋಕೆ ಹಟ ಮಾಡ್ದೆ ಗೊತ್ತಾ? ಅಮ್ಮನ ವಾರಿಗೆಯವರ ಮೇಲೆ ಮನಸ್ಸಾಯ್ತಲ್ಲಾ ಅಂತ ದಿನಾ ಬುದ್ಧನ ಮುಂದೆ ಊದುಬತ್ತಿ ಹಚ್ಚಿ ಕ್ಷಮೆ ಕೇಳ್ತಿದ್ದೆ! ಹಿರಿಯರು ಅಂತ ನೀರು ಹಾಕಿದ್ರೆ ಬುದ್ಧಿ ಸರಿಯಾಗುತ್ತೆ ಅಂದ್ಕೊಂಡಿದ್ದೆ..."

ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಸೈಪಿನ್ ಒಟ್ಟಿಗೇ ನಕ್ಕಳು, ಅತ್ತಳು.

"ಇನ್ಮೇಲೆ ನನ್ನ ಹತ್ರ ಸುಳ್ಳು ಹೇಳ್ಬೇಡ," ಎಂದ ಅವನು. "ನಿನ್ನ ವಯಸ್ಸು ನೀನೇ ಹೇಳು."

"ಇಪ್ಪತ್ತೇಳು."

"ನಂದು ಮೂವತ್ತೆರಡು. ಹಾಗಾದ್ರೆ ಯಾರು ಯಾರ ಕೈಗೆ ನೀರು ಹಾಕ್ಬೇಕು?"

ಅವನು ಎರಡೂ ಅಂಗೈ ಚಾಚಿದ. ಅಂಗಡಿಯಲ್ಲಿ ಮಲ್ಲಿಗೆ ಎಲ್ಲಿಂದ ಬರಬೇಕು? ಕುಡಿಯುವ ನೀರಿನ ಚೆಂಬನ್ನೇ ಎತ್ತಿ ಅವಳು ನಿಧಾನವಾಗಿ ಸುರಿದಳು.

"ನಿನಗೆ ಒಳ್ಳೇ ಗಂಡ ಸಿಗ್ಲಿ," ಎಂದು ಅವನು ಹರಸಿದ.

"ಎಂಥವನು?"

"ಮೀನಿನ ಮುಳ್ಳು ತಾನೇ ಬಿಡಿಸ್ಕೊಳ್ಳೋನು."

ಅವಳು ಚೆಂಬು ಕೆಳಗಿಟ್ಟಳು. ಮೀನಿನ ವಾಸನೆಯ ಕೈಗಳನ್ನು ಎದೆಯ ಹತ್ತಿರ ಮುಗಿದಳು. ಅವನಿಗೆ ಕಾಣುವುದಿಲ್ಲವೆಂದು ನೆನಪಾಗಿ, ಆ ಮುಗಿದ ಕೈಗಳನ್ನು ಅವನ ಒದ್ದೆ ಬೊಗಸೆಯೊಳಗೆ ಇಟ್ಟಳು.

"ಸಾಧು," ಎಂದಳು.